ತರಿ ಸ್ಕ್ರಬ್ ಬದಲು ಪಪ್ಪಾಯಿ ಕಿಣ್ವದ ಪುಡಿ

ನಮ್ಮ ಗ್ರಾಹಕ ಅಕ್ಕ-ತಂಗಿಯರಿಗೆ, ಅಣ್ಣಂದಿರಿಗೆ ವಿಜಯಪುರದ ಮಹಿಳಾ ಸಹಕಾರ ಸಂಘದಿಂದ ನಮಸ್ಕಾರ.

ಮುಖಕ್ಕೆ ಹಚ್ಚುವ ತರಿತರಿ ಸ್ಕ್ರಬ್ ಇನ್ನು ಮುಂದೆ ಬರುವುದಿಲ್ಲ. ಅದರ ಬದಲು ಪಪೇನ್ ಸೇರಿಸಿದ ಒಣ ಪುಡಿ ಕೊಡುತ್ತೇವೆ. ಬೆಲೆ ಮೊದಲಿನಷ್ಟೇ.

ಪಪೇನ್ ಅಂದರೆ ಪಪ್ಪಾಯಿ ಕಾಯಿಯ ಹಾಲಿನಲ್ಲಿರುವ ಕಿಣ್ವ, ಎನ್‌ಜೈಮ್. ಮಟನ್ ಮೆತ್ತಗಾಗಲಿ ಎಂದು ಪಪ್ಪಾಯಿ ಕಾಯಿ ಅರೆದು ಹಚ್ಚುತ್ತಾರೆ, ಅಲ್ವಾ? ಅಲ್ಲಿ ಕೆಲಸ ಮಾಡುವುದು ಇದೇ. ಇದು ಪ್ರೋಟೀನನ್ನು ಕತ್ತರಿಸುತ್ತದೆ. ಮುಖದ ಮೇಲಿನ ಸತ್ತ ಚರ್ಮದಲ್ಲಿ ಕೆರಟಿನ್ ಎಂಬ ಪ್ರೋಟೀನೇ ಜಾಸ್ತಿ. ಹಾಗಾಗಿ ತಿಕ್ಕದೆಯೇ ಆ ಪದರ ಸಡಿಲವಾಗುತ್ತದೆ. ಮೊಡವೆ ಇರುವವರಿಗೆ ತಿಕ್ಕಾಟದಿಂದ ಉರಿ ಹೆಚ್ಚುತ್ತದೆ, ನಾವು ಬದಲಿಸಿದ್ದು ಮುಖ್ಯವಾಗಿ ಅವರಿಗಾಗಿ. ಬಣ್ಣ ಮಾತ್ರ ಬಿಳಿಯಾಗುವುದಿಲ್ಲ. ಹಾಗೆ ಹೇಳಿ ನಾವು ಯಾವತ್ತೂ ಮಾರುವುದಿಲ್ಲ.

ಕ್ರೀಮ್ ಮಾಡಿಯೇ ಕೊಡಿ ಎಂದು ಹಲವರು ಕೇಳುತ್ತಾರೆ. ಪಪೇನ್ ತಾನೂ ಒಂದು ಪ್ರೋಟೀನ್. ನೀರಿನಲ್ಲಿ ಕಲಸಿಟ್ಟರೆ ಅದರ ಕಣಗಳು ಒಂದನ್ನೊಂದು ಕತ್ತರಿಸುತ್ತಾ ಹೋಗುತ್ತವೆ. ಗಾಳಿ ತಾಗಿದರೂ ಶಕ್ತಿ ಕುಗ್ಗುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟಿದರಂತೂ ಇದೆಲ್ಲ ಇನ್ನೂ ಬೇಗ. ಒಣಗಿದ್ದಾಗ ಅದು ಸುಮ್ನೆ ಇರುತ್ತದೆ, ನೀರು ಬಿದ್ದ ಮೇಲೆ ಕೆಲಸ ಶುರು. ಅದಕ್ಕೇ ಪುಡಿ. ಒದ್ದೆ ಚಮಚ ಹಾಕಬೇಡಿ.

ವಾರಕ್ಕೊಮ್ಮೆ ಅರ್ಧ ಚಮಚ ಸಾಕು. ಅಂಗೈಯಲ್ಲಿ ನೀರು ಹಾಕಿ ಕಲಸಿ, ಕಣ್ಣಿಗೆ ತಾಗದಂತೆ ಹಚ್ಚಿ, ಒಂದು ನಿಮಿಷಕ್ಕೆ ತೊಳೆಯಿರಿ. ಪುಡಿ ಮೂಗಿಗೆ ಹೋಗದಂತೆ ನೋಡಿಕೊಳ್ಳಿ. ಪಪೇನ್ ಧೂಳು ಉಸಿರಿನೊಳಗೆ ಹೋದರೆ ಕೆಲವರಿಗೆ ಅಲರ್ಜಿ, ಅಸ್ತಮಾ ಬರಬಹುದು. ಪ್ಯಾಕಿಂಗ್ ಮಾಡುವ ನಮ್ಮ ಹೆಣ್ಣುಮಕ್ಕಳೂ ಮಾಸ್ಕ್ ಹಾಕಿಯೇ ಕೂರುತ್ತಾರೆ.

ಗಾಯ, ಬಿಸಿಲಿಗೆ ಸುಟ್ಟ ಚರ್ಮ, ಆಗಷ್ಟೇ ಶೇವ್ ಮಾಡಿದ ಜಾಗಕ್ಕೆ ಬೇಡವೇ ಬೇಡ. ಗಾಯಕ್ಕೆ ಹಚ್ಚುವ, ಅನುಮೋದನೆ ಇಲ್ಲದ ಪಪೇನ್ ಮುಲಾಮುಗಳಿಂದ ತೀವ್ರ ಅಲರ್ಜಿಯಾದ ವರದಿಗಳು ಬಂದು, 2008ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅವುಗಳ ಮೇಲೆ ಕ್ರಮ ಕೈಗೊಂಡಿತು. ಇನ್ನು ಮನೆಯಲ್ಲೇ ಕಾಯಿ ಕೊಯ್ದು ಹಾಲನ್ನು ನೇರವಾಗಿ ಮುಖಕ್ಕೆ ಹಚ್ಚುವುದಂತೂ ದಯವಿಟ್ಟು ಬೇಡ, ಬೊಬ್ಬೆ ಏಳುತ್ತದೆ.

ಮೊದಲ ಸಲ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ತೊಳೆದು, ಒಂದು ದಿನ ನೋಡಿ. ರಬ್ಬರ್ ಗ್ಲೌಸ್, ಬಲೂನ್ ಮುಟ್ಟಿದರೆ ತುರಿಕೆ ಬರುವವರಿಗೆ ಪಪೇನ್ ಕೂಡ ಆಗದಿರಬಹುದು. ಅಂಥವರು ಆರ್ಡರ್ ಕೊಡುವಾಗ ಹೇಳಿ. ಪಪೇನ್ ಹಾಕದ, ನಯವಾಗಿ ಬೀಸಿದ ಅಕ್ಕಿಹಿಟ್ಟಿನ ಪುಡಿಯನ್ನು ಬೇರೆಯಾಗಿ ಕಟ್ಟಿ ಕಳಿಸುತ್ತೇವೆ.