ಹೊರಡುವ ಮುಂಚೆ ಜಾಮಖೇಡ ನೋಡಿ ಬನ್ನಿ

ಖಡ್ಕಿ, ಪುಣೆ

ಪ್ರೀತಿಯ ಪುಟ್ಟಿ,

ನೀನೂ ಅಳಿಯಂದಿರೂ ಇಲ್ಲಿನ ಕೆಲಸ ಬಿಟ್ಟು ಮಿಷನ್ ಆಸ್ಪತ್ರೆ ಸೇರುತ್ತೀರಿ ಅಂದಾಗಿನಿಂದ ಅಪ್ಪ ಮುಖ ಊದಿಸಿಕೊಂಡು ಕೂತಿದ್ದಾರೆ. ನನಗೆ ಅಂಥ ಬೇಜಾರೇನಿಲ್ಲ. ನಿನ್ನ ಅಜ್ಜಿ ಬೆಟಗೇರಿಯ ಮಿಷನ್ ದವಾಖಾನೆಯಲ್ಲಿ ಆಯಾ ಆಗಿದ್ದವಳು. ನಮ್ಮ ಮನೆಗೆ ಇದು ಹೊಸದಲ್ಲ. ಆದರೆ ಹೋಗುವ ಮುಂಚೆ ಇಬ್ಬರೂ ಒಮ್ಮೆ ಜಾಮಖೇಡ ನೋಡಿ ಬನ್ನಿ. ಪಕ್ಕದ ಅಹಮದ್‌ನಗರ ಜಿಲ್ಲೆ, ಈಗ ಅಹಿಲ್ಯಾನಗರ ಅಂತಾರಲ್ಲ, ಅಲ್ಲಿದೆ.

ಅಲ್ಲಿ ಹಳ್ಳಿ ಜನರ ಆರೋಗ್ಯದ ಕೆಲಸ ಕಟ್ಟಿದ ಡಾ. ರಜನೀಕಾಂತ್ ಆರೋಳೆ, ಡಾ. ಮೇಬಲ್ ಆರೋಳೆ ಗಂಡ ಹೆಂಡತಿ. ಇಬ್ಬರೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಹಳ್ಳಿಯ ಬಡವರಿಗಾಗಿ ದುಡಿಯುತ್ತೇವೆ ಎಂದು ಮದುವೆ ದಿನವೇ ಮಾತು ಕೊಟ್ಟವರು. ಮೊದಲು ಅದೇ ಜಿಲ್ಲೆಯ ವಡಾಳಾದ ಮಿಷನ್ ಆಸ್ಪತ್ರೆಯಲ್ಲಿ ಕೆಲವು ವರ್ಷ ಇದ್ದರು. ಅಲ್ಲಿಗೆ ಬರುವ ಕಾಯಿಲೆಗಳಲ್ಲಿ ಜಾಸ್ತಿ ಪಾಲು ಹಳ್ಳಿಯಲ್ಲೇ ತಡೆಯಬಹುದಾದವು. ಆಸ್ಪತ್ರೆಯೊಳಗೆ ಕೂತರೆ ಇದು ಮುಗಿಯುವ ಕೆಲಸವಲ್ಲ ಅಂತ ಅವರಿಗೆ ಹೊಳೆಯಿತು. ಅಮೆರಿಕಕ್ಕೆ ಹೋಗಿ ಓದಿ, 1970ರಲ್ಲಿ ಜಾಮಖೇಡಕ್ಕೆ ಬಂದರು. ಬರದ ಸೀಮೆ. ಜನ ಕೇಳಿದ್ದು ಔಷಧ ಅಲ್ಲ, ನೀರು ಮತ್ತು ಊಟ. ಸರಿ, ಡಾಕ್ಟರುಗಳು ಬೋರ್‌ವೆಲ್ ಹಿಂದೆ ಬಿದ್ದರು. ಕೈಪಂಪುಗಳನ್ನು ದಲಿತರ ಕೇರಿಯಲ್ಲಿ ಹಾಕಿಸಿದರು. ಬಾಯಾರಿದ ಮೇಲ್ಜಾತಿಯವರು ಕೊಡ ಹಿಡಿದು ಅಲ್ಲಿಗೇ ಬರಬೇಕಾಯಿತು. ನನ್ನ ಲೆಕ್ಕದಲ್ಲಿ ಇದೂ ಚಿಕಿತ್ಸೆಯೇ.

ಹಳ್ಳಿಗೆ ನರ್ಸುಗಳನ್ನು ಕಳಿಸಿ ನೋಡಿದರು. ಜನ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಆಮೇಲೆ ಊರಿನವರೇ ಆರಿಸಿಕೊಟ್ಟ ಹೆಂಗಸರಿಗೆ ಕಲಿಸಿದರು. ಅವರಲ್ಲಿ ಎಷ್ಟೋ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ನೀನು ಚಿಕ್ಕವಳಿದ್ದಾಗ ನಾನು ತರಬೇತಿಗೆ ಅಂತ ಅಲ್ಲಿಗೆ ಹೋಗಿದ್ದೆನಲ್ಲ, ಅಂಥ ಒಬ್ಬ ಅಜ್ಜಿ ನರ್ಸುಗಳಾದ ನಮಗೇ, ಭೇದಿ ಆದವರಿಗೆ ಕುಡಿಸುವ ನೀರು ಮಾಡುವ ಪಾಠ ಮಾಡಿದಳು. ಒಂದು ಲೀಟರ್ ಕುದಿಸಿ ಆರಿಸಿದ ನೀರು, ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆತಟ್ಟಿರಬೇಕು, ಗುಡ್ಡೆ ಇರಬಾರದು. ಕಲಸಿ ನಾಲಿಗೆಗೆ ಹಚ್ಚಿ ನೋಡಬೇಕು, ಕಣ್ಣೀರಿಗಿಂತ ಉಪ್ಪಾಗಿರಬಾರದು. ನಮ್ಮ ಜೊತೆಯವಳೊಬ್ಬಳ ನೀರು ಉಪ್ಪಾಗಿತ್ತು. ಅಜ್ಜಿ ಮಾತೇ ಆಡದೆ ಪಾತ್ರೆ ಬಗ್ಗಿಸಿ ಚೆಲ್ಲಿ, ಮತ್ತೆ ಮಾಡು ಅಂತ ಕೈಗೆ ಕೊಟ್ಟಳು.

ಆರೋಳೆ ದಂಪತಿ ಬಂದಾಗ ಅಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 176 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಇಪ್ಪತ್ತೈದು ವರ್ಷ ಕಳೆಯುವಷ್ಟರಲ್ಲಿ ಅದು ಮೂವತ್ತಕ್ಕೂ ಕೆಳಗಿಳಿಯಿತು. ದೊಡ್ಡ ಮಷೀನಿನಿಂದ ಅಲ್ಲ, ಇಂಥ ಅಜ್ಜಿಯರಿಂದ. ಸರ್ಕಾರದ ಆಶಾ ಕಾರ್ಯಕರ್ತೆಯರು ಬಂದದ್ದು 2005ರ ನಂತರ, ನೆನಪಿರಲಿ. ಅದಕ್ಕೇ ಹೇಳುತ್ತೇನೆ, ನಿಮಗೆ ಗೊತ್ತಿರುವುದನ್ನು ಊರವರಿಗೆ ಕೊಟ್ಟುಬಿಡಿ. ನೀವಿಲ್ಲದಿದ್ದರೆ ನಡೆಯುವುದೇ ಇಲ್ಲ ಅನ್ನುವಂಥ ಆಸ್ಪತ್ರೆ ಕಟ್ಟಬೇಡಿ.

ಇನ್ನೊಂದು ಮಾತು. 1979ರ ಮ್ಯಾಗ್ಸೆಸೆ ಪ್ರಶಸ್ತಿ ಆ ಗಂಡ ಹೆಂಡತಿ ಇಬ್ಬರಿಗೂ ಸೇರಿ ಬಂತು. ಎಲ್ಲ ಕಡೆ ಹಾಗಾಗುವುದಿಲ್ಲ. ಗಂಡನಿಗೆ ಸಂಬಳ, ಹೆಂಡತಿಗೆ ‘ಸೇವೆ’ ಅನ್ನೋ ಆಡಳಿತ ಮಂಡಳಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಬ್ಬರಿಗೂ ಬೇರೆ ಬೇರೆ ನೇಮಕಾತಿ ಪತ್ರ ಕೇಳಿ. ಪಿ.ಎಫ್. ಕೇಳಿ. ವಾರಕ್ಕೊಂದು ರಜೆ ಕೇಳಿ. ದೇವರ ಕೆಲಸ ಅಂದರೆ ನಾಚಿಕೊಂಡು ಸುಮ್ನಿರುವ ಕೆಲಸವಲ್ಲ.

ಸಭಾಪಾಲಕರು ಮುಂದಿನ ಭಾನುವಾರ ಆರಾಧನೆಯಲ್ಲಿ ನಿಮ್ಮಿಬ್ಬರನ್ನೂ ಮುಂದೆ ಕರೆದು ಪ್ರಾರ್ಥನೆ ಮಾಡುತ್ತಾರಂತೆ. ಬಾ. ಆದರೆ ಆಮೇಲೆ ಹಳೇ ಅಭ್ಯಾಸ ಅಂತ ಬಿ.ಪಿ. ನೋಡುವ ಮೇಜಿಗೆ ನೀನು ಕೂರಬೇಡ. ಸಭೆಯ ಇಬ್ಬರು ಹೆಂಗಸರಿಗೆ ಕಲಿಸಿದ್ದೇನೆ, ಈಗ ಅವರೇ ನೋಡುತ್ತಾರೆ, ಬರೆದಿಡುತ್ತಾರೆ. ಮಷೀನಿನ ಸೆಲ್ ಹೋಗಿದೆ, ಬರುವಾಗ ನಾಲ್ಕು ತಾ.

ನಿನ್ನ
ಅವ್ವ