8ನೇ ತರಗತಿಯ ಪೋಷಕರಿಗೆ: ಬಾಬ್ ಹೂವರ್ ಸ್ಮರಣೆ ಮತ್ತು ಒಡೆದ ಕಿಟಕಿಯ ವಿಚಾರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಅಮೆರಿಕದ ಪೈಲಟ್ ಬಾಬ್ ಹೂವರ್ ಅವರನ್ನು ಸ್ಮರಿಸಿದ ಅಕ್ಟೋಬರ್ 25ರ ಪ್ರಾರ್ಥನಾ ಸಭೆಯ ನಂತರ ನಡೆದದ್ದನ್ನು ಮಕ್ಕಳು ನಿಮಗೆ ಈಗಾಗಲೇ ಹೇಳಿರುತ್ತಾರೆ. ನಮ್ಮ ವಿಜ್ಞಾನ ಶಿಕ್ಷಕರು ಅರ್ಧ ಬಕೆಟ್ ನೀರನ್ನು ತಲೆಯ ಮೇಲಿಂದ ಸುತ್ತಿಸಿ, ಹನಿಯೂ ಚೆಲ್ಲದಂತೆ ಇಳಿಸಿ ತೋರಿಸಿದರು. ಊಟದ ವಿರಾಮದಲ್ಲಿ ಅದನ್ನೇ ತರಗತಿಯೊಳಗೆ ಮಾಡಲು ಹೋದ ಹುಡುಗನೊಬ್ಬನ ಸ್ಟೀಲ್ ಬಾಟಲಿಯ ಪಟ್ಟಿ ಕಿತ್ತುಬಂದು, ಕಿಟಕಿಯ ಗಾಜು ಒಡೆಯಿತು. ವಿದ್ಯಾರ್ಥಿನಿಯೊಬ್ಬಳ ಹಣೆಗೆ ಪೆಟ್ಟಾಯಿತು. ಅವಳು ಮರುದಿನವೇ ಶಾಲೆಗೆ ಬಂದಳೆಂಬುದು ನಮಗೆ ಸಮಾಧಾನ ತಂದಿದೆಯೇ ಹೊರತು, ಅದನ್ನು ನೆಪ ಮಾಡಿಕೊಂಡು ನುಣುಚಿಕೊಳ್ಳುವ ಉದ್ದೇಶ ನನಗಿಲ್ಲ. ಅವಳ ತಂದೆತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ.

ಪರದೇಶದ ಪೈಲಟ್ಟನ ಸ್ಮರಣೆ ನಮ್ಮ ಮಕ್ಕಳಿಗೇಕೆ ಎಂದು ಕೆಲವರು ಕೇಳಿದ್ದೀರಿ. ಹೂವರ್ ಅವರು 2016ರಲ್ಲಿ ಅದೇ ದಿನ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನ ಹಾರಿಸುತ್ತಿದ್ದ ಅವರನ್ನು 1944ರ ಫೆಬ್ರುವರಿ 9ರಂದು ದಕ್ಷಿಣ ಫ್ರಾನ್ಸಿನ ಕರಾವಳಿಯಾಚೆ ಶತ್ರುಗಳು ಹೊಡೆದುರುಳಿಸಿದರು. ವರ್ಷಕ್ಕೂ ಮೀರಿ ಜರ್ಮನಿಯ ಸೆರೆಯಲ್ಲಿದ್ದು, ಕೊನೆಗೆ ತಪ್ಪಿಸಿಕೊಂಡು, ಜರ್ಮನರದೇ ವಿಮಾನವೊಂದನ್ನು ಹಾರಿಸಿಕೊಂಡು ನೆದರ್ಲೆಂಡ್ಸ್ ಸೇರಿದರು. (ಹುಡುಗರಿಗೆ ಈ ಭಾಗವೇ ಹೆಚ್ಚು ಹಿಡಿಸಿತೆಂಬುದನ್ನು ಮುಚ್ಚಿಡಲಾರೆ.) ನಮ್ಮ ಶಿಕ್ಷಕರು ಹೇಳಹೊರಟದ್ದು ಅವರ ವೈಮಾನಿಕ ಪ್ರದರ್ಶನಗಳ ಬಗ್ಗೆ. ಎರಡೂ ಎಂಜಿನ್ ಆರಿಸಿ, ಆಕಾಶದಲ್ಲಿ ಸುತ್ತು ಹೊಡೆದು, ಉಳಿದ ವೇಗದಲ್ಲೇ ಇಳಿದು, ವಿಮಾನವನ್ನು ನಿಲ್ದಾಣದವರೆಗೆ ಉರುಳಿಸಿಕೊಂಡು ಬರುತ್ತಿದ್ದರು. ವಿಮಾನ ಮಗುಚಿ ತಿರುಗುತ್ತಿರುವಾಗಲೇ ಒಂದು ಕೈಯಲ್ಲಿ ಲೋಟಕ್ಕೆ ಚಹಾ ಸುರಿಯುತ್ತಿದ್ದರು. ಭಾರವು ಸದಾ ಆಸನದ ಕಡೆಗೇ ಬೀಳುವಂತೆ ವಿಮಾನವನ್ನು ಹದವಾಗಿ ತಿರುಗಿಸುತ್ತಿದ್ದುದರಿಂದ ಚಹಾ ಚೆಲ್ಲುತ್ತಿರಲಿಲ್ಲ. ಬಕೆಟ್ ಬಂದದ್ದು ಈ ಕಾರಣಕ್ಕೆ.

ಇನ್ನು, ಆ ಶಿಕ್ಷಕರನ್ನು 8ನೇ ತರಗತಿಯಿಂದ ತೆಗೆಯಬೇಕೆಂಬ ಬೇಡಿಕೆ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನನ್ನ ಮಗುವಿಗೇ ಪೆಟ್ಟಾಗಿದ್ದರೆ ನಾನೂ ಹೀಗೆಯೇ ಪತ್ರ ಬರೆಯುತ್ತಿದ್ದೆನೇನೋ. ಆದರೂ ಅದಕ್ಕೆ ನಾನು ಒಪ್ಪಲಾರೆ. ಮಕ್ಕಳು ಅನುಕರಿಸಿಯಾರು ಎಂದು ಅವರು ಮೊದಲೇ ಊಹಿಸಬೇಕಿತ್ತು, ಎಚ್ಚರಿಕೆ ಹೇಳಬೇಕಿತ್ತು. ಅದನ್ನು ಅವರೇ ನನ್ನೆದುರು ಒಪ್ಪಿಕೊಂಡಿದ್ದಾರೆ. ನಿಮ್ಮಲ್ಲಿ ಯಾರಿಗೂ ಅಗೌರವ ತೋರದೆ ಮತ್ತೊಮ್ಮೆ ಹೇಳುತ್ತೇನೆ, ಅವರನ್ನು ತೆಗೆಯುವುದಿಲ್ಲ.

ಅಂದು ಸಭೆಯಲ್ಲಿ ಸಮಯ ಸಾಲದೆ ಉಳಿದುಹೋದ ಘಟನೆಯೊಂದಿದೆ. ಒಂದು ಪ್ರದರ್ಶನ ಮುಗಿಸಿ ಹೊರಟ ಹೂವರ್ ಅವರ ವಿಮಾನಕ್ಕೆ, ಪೆಟ್ರೋಲ್ ತುಂಬಬೇಕಾಗಿದ್ದ ಯುವಕನೊಬ್ಬ ತಪ್ಪಿ ಜೆಟ್ ಇಂಧನ ತುಂಬಿದ್ದ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಎರಡೂ ಎಂಜಿನ್ ನಿಂತವು. ಹೇಗೋ ನೆಲ ಮುಟ್ಟಿಸಿದರು, ಯಾರೂ ಸಾಯಲಿಲ್ಲ. ಹಿಂತಿರುಗಿದಾಗ ಆ ಹುಡುಗ ಅಳುತ್ತಾ ನಿಂತಿದ್ದ. ನಾಳೆ ತಾವು ಹಾರಿಸುವ ಮಸ್ಟಾಂಗ್ ವಿಮಾನಕ್ಕೆ ಇಂಧನ ತುಂಬುವವನು ಅವನೇ ಆಗಬೇಕೆಂದು ಹೂವರ್ ಹೇಳಿದರು. ಅಷ್ಟಕ್ಕೇ ಸುಮ್ಮನಾಗಲೂ ಇಲ್ಲ: ಜೆಟ್ ಇಂಧನದ ಕೊಳವೆಯ ಬಾಯಿಯನ್ನು ಅಗಲ ಮಾಡಿ, ಪೆಟ್ರೋಲ್ ಟ್ಯಾಂಕಿನ ಬಾಯಿಗೆ ಬಳೆಯೊಂದನ್ನು ಕೂರಿಸಿ, ಒಂದು ಇನ್ನೊಂದರೊಳಗೆ ತೂರದಂತೆ ಮಾಡುವ ವ್ಯವಸ್ಥೆ ಬಂತು. ಆ ಕೊಳವೆಬಾಯಿಗೂ ಬಳೆಗೂ ಇಂದಿಗೂ ಹೂವರ್ ಅವರದೇ ಹೆಸರಿದೆ.

ನಮ್ಮಲ್ಲೂ ಅಂಥದೊಂದು ಬಳೆ ಬೇಕಿತ್ತು. ಇನ್ನು ಮುಂದೆ ಪ್ರಯೋಗಗಳು ಮೈದಾನದಲ್ಲಿ, ಸುಣ್ಣದ ಗೆರೆಯ ಒಳಗೆ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಇಬ್ಬರು ಶಿಕ್ಷಕರ ಎದುರಿನಲ್ಲಿ ಮಾತ್ರ ನಡೆಯುತ್ತವೆ; ಗಾಜಿನ ಖರ್ಚನ್ನು ಶಾಲೆಯೇ ಭರಿಸಿದೆ, ಆ ಹುಡುಗನ ಮನೆಯವರಿಂದ ಏನನ್ನೂ ಕೇಳಿಲ್ಲ.

ಸೋಮವಾರದಿಂದ ಮಕ್ಕಳಿಗೆ ಪಟ್ಟಿಯಿಲ್ಲದ ನೀರಿನ ಬಾಟಲಿಯನ್ನೇ ಕೊಟ್ಟು ಕಳಿಸಬೇಕಾಗಿ ವಿನಂತಿ.

ಅಂದು ಎರಡನೇ ಅವಧಿಯ ವಿಜ್ಞಾನ ಪಾಠವನ್ನು ಅದೇ ಶಿಕ್ಷಕರು ತೆಗೆದುಕೊಳ್ಳುತ್ತಾರೆ. ಬಂದು ನೋಡಬಯಸುವ ಪೋಷಕರಿಗೆ ಹಿಂದಿನ ಬೆಂಚಿನಲ್ಲಿ ಜಾಗ ಮಾಡಿಸಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ