ಹಳೆಯ ಕಾರಿನ ಬ್ರೇಕ್: ಪ್ಯಾಡ್ ಬದಲಿಸಿದರೆ ಮುಗಿಯುವುದಿಲ್ಲ

ಮಾನ್ಯ ಸಂಪಾದಕರೇ,

ಹಳೆಯ ಕಾರುಗಳ ಆರೈಕೆ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಎಂಜಿನ್ನಿಗೂ ಬಣ್ಣಕ್ಕೂ ಧಾರಾಳವಾಗಿ ಜಾಗ ಕೊಟ್ಟು, ಬ್ರೇಕನ್ನು ಮಾತ್ರ ‘ಪ್ಯಾಡ್ ಸವೆದಿದ್ದರೆ ಬದಲಾಯಿಸಿ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿತ್ತು. ಪ್ಯಾಡ್ ಸವೆದರೆ ಕಿರುಗುಟ್ಟಿ ತಾನೇ ಹೇಳುತ್ತದೆ. ಇಪ್ಪತ್ತೈದು ವರ್ಷ ದಾಟಿದ ಕಾರಿನಲ್ಲಿ ಬ್ರೇಕ್ ಕೈಕೊಡುವುದು ಹೆಚ್ಚಾಗಿ ಸದ್ದಿಲ್ಲದ ಕಡೆಯಿಂದ: ದ್ರವ ಸೋರದಂತೆ ತಡೆಯುವ ರಬ್ಬರ್ ವಾಷರ್‌ಗಳು ಗಟ್ಟಿಯಾಗಿ, ಬ್ರೇಕ್ ಆಯಿಲ್‌ಗೆ ನೀರು ಸೇರಿ, ಸಿಲಿಂಡರಿನ ಒಳಮೈಗೆ ತುಕ್ಕು ಹತ್ತಿ.

‘ಬ್ರೇಕ್ ಆಯಿಲ್’ ಎಂಬ ಹೆಸರೇ ಅರ್ಧ ತೊಂದರೆಗೆ ಮೂಲ. ಅದು ಎಣ್ಣೆಯಲ್ಲ. ಡಾಟ್ 3, ಡಾಟ್ 4, ಡಾಟ್ 5.1 ಎಂಬ ದರ್ಜೆಗಳೆಲ್ಲವೂ ಗ್ಲೈಕಾಲ್ ಜಾತಿಯ ದ್ರವಗಳು. ಹೆಸರು ನಂಬಿ ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಸ್ವಲ್ಪ ಸುರಿದರೂ ವಾಷರ್‌ಗಳು ಊದಿಕೊಂಡು ಬ್ರೇಕ್ ಜಾಮ್ ಆಗುತ್ತದೆ. ಆಮೇಲೆ ತೊಳೆದರೆ ಸಾಲದು, ವ್ಯವಸ್ಥೆಯಲ್ಲಿರುವ ಒಂದೊಂದು ರಬ್ಬರನ್ನೂ ಬದಲಿಸಬೇಕು. ಡಾಟ್ 5 ಎಂಬುದು ಸಿಲಿಕೋನ್. ಹೆಸರಿನಲ್ಲಿ 5.1ಕ್ಕೆ ನೆಂಟ, ಆದರೆ ಉಳಿದವುಗಳ ಜೊತೆ ಬೆರೆಸುವಂತಿಲ್ಲ. ಕಾರಿನಲ್ಲಿ ದ್ರವ ತುಂಬುವ ಡಬ್ಬಿಯ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಬೇಕು.

ಗ್ಲೈಕಾಲ್ ದ್ರವ ಗಾಳಿಯಲ್ಲಿನ ತೇವವನ್ನು ಹೀರುತ್ತಲೇ ಇರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಬಂದಾಗ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಕಾದು ಒಳಗಿನ ದ್ರವ ಕುದಿಯುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಒತ್ತಡವನ್ನು ಮುಂದಕ್ಕೆ ದಾಟಿಸುವುದಿಲ್ಲ, ಹಾಗಾಗಿ ಪೆಡಲ್ ನೆಲ ಮುಟ್ಟುತ್ತದೆ. ತಣ್ಣಗಾದ ಮೇಲೆ ಅದೇ ಬ್ರೇಕ್ ಸರಿಯಾಗಿಯೇ ಹಿಡಿಯುವುದರಿಂದ ತಪ್ಪು ಎಲ್ಲಿದೆ ಎಂದು ತಿಳಿಯುವುದೇ ಇಲ್ಲ. ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ದ್ರವ ಬದಲಿಸಬೇಕು. ಸಣ್ಣ ಕಾರಿಗೆ ಒಂದು ಲೀಟರ್ ಸಾಕು.

ಬಿಡಿಭಾಗ ಕೊಳ್ಳುವ ಮೊದಲು ಪೆಡಲ್ ಏನು ಹೇಳುತ್ತಿದೆ ಎಂದು ಕೇಳಬೇಕು. ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಇದೆ. ಮೊದಲ ಒತ್ತಿಗೆ ಕೆಳಗೆ ಹೋಗಿ, ಎರಡನೆಯ ಒತ್ತಿಗೆ ಮೇಲೆಯೇ ಗಟ್ಟಿಯಾಗಿ ನಿಂತರೆ ಹಿಂದಿನ ಡ್ರಮ್‌ನಲ್ಲಿ ಶೂ (ಡ್ರಮ್ಮಿನ ಒಳಮೈಗೆ ಒತ್ತಿಕೊಳ್ಳುವ ಬ್ರೇಕ್ ಪಟ್ಟಿ) ದೂರ ಉಳಿದಿರಬಹುದು. ಶೂವನ್ನು ಹತ್ತಿರ ತರುವ ಅಡ್ಜಸ್ಟರ್ ತುಕ್ಕು ಹಿಡಿದು ತಿರುಗದೆ ಇರಬಹುದು. ಎಂಜಿನ್ ಓಡುತ್ತಿರುವಾಗ ಅರ್ಧ ನಿಮಿಷ ಒಂದೇ ಸಮನೆ ಒತ್ತಿ ಹಿಡಿದರೆ ಪೆಡಲ್ ನಿಧಾನವಾಗಿ ಇಳಿಯುತ್ತಲೇ ಹೋಗುತ್ತಿದೆ, ಆದರೆ ಹೊರಗೆಲ್ಲೂ ಸೋರಿಕೆ ಇಲ್ಲ ಎಂದರೆ ಪೆಡಲಿನ ಒತ್ತನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿದೆ. ಪೆಡಲ್ ಕಲ್ಲಿನಂತಿದ್ದು ಕಾರು ನಿಲ್ಲದಿದ್ದರೆ ಕಾಲಿನ ಬಲವನ್ನು ವ್ಯಾಕ್ಯೂಮಿನಿಂದ (ನಿರ್ವಾತದಿಂದ) ಹೆಚ್ಚಿಸುವ ಬೂಸ್ಟರ್ ಕಡೆ ನೋಡಿ. ಎಂಜಿನ್ ಆಫ್ ಮಾಡಿ, ನಾಲ್ಕೈದು ಬಾರಿ ಒತ್ತಿ, ಕಾಲು ಇಟ್ಟುಕೊಂಡೇ ಸ್ಟಾರ್ಟ್ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗೆ ಜಾರಬೇಕು. ಜಾರದಿದ್ದರೆ ಬೂಸ್ಟರಿನ ಪದರವೋ ವ್ಯಾಕ್ಯೂಮ್ ಪೈಪೋ ಅದರ ವಾಲ್ವೋ ಕೆಟ್ಟಿದೆ. ಡಬ್ಬಿಯಲ್ಲಿ ದ್ರವ ಇಳಿಯುತ್ತಿದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ ಎಂದರೆ ಮಾಸ್ಟರ್ ಸಿಲಿಂಡರಿನ ಹಿಂಬದಿಯಿಂದ ಅದು ಬೂಸ್ಟರಿನೊಳಕ್ಕೆ ಸೋರುತ್ತಿರಬಹುದು.

ಒಂದು ಚಕ್ರ ಮಾತ್ರ ಬಿಸಿಯಾಗಿ ಹಿಡಿದುಕೊಳ್ಳುವ ತೊಂದರೆಯಲ್ಲಿ ಬಹಳ ಮಂದಿ ಕ್ಯಾಲಿಪರಿಗೆ ದುಡ್ಡು ಸುರಿಯುತ್ತಾರೆ. ಆ ಚಕ್ರವನ್ನು ಎತ್ತಿ, ಅದು ಹಿಡಿದುಕೊಂಡಿರುವಾಗಲೇ ಗಾಳಿ, ದ್ರವ ಹೊರಬಿಡುವ ಬ್ಲೀಡರ್ ಸ್ಕ್ರೂ ಸಡಿಲಿಸಿ. ಆಗಲೂ ಚಕ್ರ ಬಿಡದಿದ್ದರೆ ತಪ್ಪು ಕ್ಯಾಲಿಪರಿನದೇ: ಪಿಸ್ಟನ್ ಅಥವಾ ಕ್ಯಾಲಿಪರ್ ಜರುಗುವ ಸ್ಲೈಡ್ ಪಿನ್ ಕಚ್ಚಿಕೊಂಡಿದೆ. ಬಿಟ್ಟರೆ ಒತ್ತಡ ಎಲ್ಲೋ ಸಿಕ್ಕಿಬಿದ್ದಿದೆ. ಸ್ಕ್ರೂ ಮುಚ್ಚಿ ಮತ್ತೆ ಬ್ರೇಕ್ ಒತ್ತಿ ಬಿಟ್ಟು, ಈ ಬಾರಿ ರಬ್ಬರ್ ಹೋಸಿನ ಮೇಲ್ತುದಿಯಲ್ಲಿ ಕಬ್ಬಿಣದ ಪೈಪ್ ಸೇರುವ ನಟ್ಟನ್ನು ಸಡಿಲಿಸಿ. ಇಲ್ಲಿ ಸಡಿಲಿಸಿದಾಗ ಚಕ್ರ ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರ್ ಕಡೆಯದು. ಬಿಡದಿದ್ದರೆ ಹೋಸ್. ಹೊರಗಿನಿಂದ ಚೆನ್ನಾಗಿ ಕಾಣುವ ಹೋಸಿನ ಒಳಪದರ ಊದಿಕೊಂಡಿರುತ್ತದೆ. ಕಾಲಿನ ಬಲಕ್ಕೆ ದ್ರವ ಮುಂದೆ ಹೋಗುತ್ತದೆ, ಹಿಂದಿರುಗಲು ಅಷ್ಟು ಬಲ ಇರುವುದಿಲ್ಲ. ಹೋಸುಗಳನ್ನು ಜೋಡಿಯಾಗಿಯೇ ಬದಲಿಸಬೇಕು. ದ್ರವ ಹಾಯುವ ತೂತಿರುವ ಬ್ಯಾಂಜೋ ಬೋಲ್ಟ್ ಇದ್ದಲ್ಲಿ ಎರಡೂ ತಾಮ್ರದ ವಾಷರ್ ಹೊಸದಿರಲಿ.

ಮಾಸ್ಟರ್ ಸಿಲಿಂಡರಿಗೆ ಕಿಟ್ (ಒಳಗಿನ ರಬ್ಬರುಗಳ ಹೊಸ ಸೆಟ್) ಹಾಕುವುದೋ ಪೂರ್ತಿ ಬದಲಿಸುವುದೋ ಎಂಬುದನ್ನು ಒಳಮೈ ನೋಡಿ ತೀರ್ಮಾನಿಸಬೇಕು. ಉಗುರಿಗೆ ಸಿಗುವ ಗುಳಿ ಇದ್ದರೆ ಹೊಸ ವಾಷರ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಅಲ್ಯೂಮಿನಿಯಂ ಸಿಲಿಂಡರನ್ನು ಉಜ್ಜಲೇಬಾರದು, ಅದರ ಗಟ್ಟಿ ಪದರ ಹೋದ ಮೇಲೆ ಉಳಿಯುವುದು ಮೆತ್ತನೆಯ ಲೋಹ. ತೊಳೆಯಲು ಬ್ರೇಕ್ ಕ್ಲೀನರ್ ಅಥವಾ ಸ್ಪಿರಿಟ್ ಬಳಸಿ. ಪೆಟ್ರೋಲ್, ಸೀಮೆಎಣ್ಣೆ ಬೇಡ. ಹೊಸದು ಕೊಳ್ಳುವಾಗ ಬೋರ್ (ಒಳವ್ಯಾಸ) ಅಳತೆ ಹೊಂದಬೇಕು. 19.05 ಮಿ.ಮೀ. ಇದ್ದಲ್ಲಿ 22.2 ಮಿ.ಮೀ. ಕೂರಿಸಿದರೆ ಪಿಸ್ಟನ್ನಿನ ವಿಸ್ತೀರ್ಣ ಶೇ. 36ರಷ್ಟು ಹೆಚ್ಚುತ್ತದೆ, ಅದೇ ಕಾಲಿನ ಬಲಕ್ಕೆ ಹುಟ್ಟುವ ಒತ್ತಡ ಕಾಲುಭಾಗಕ್ಕೂ ಹೆಚ್ಚು ಇಳಿಯುತ್ತದೆ. ‘ದೊಡ್ಡದಿದ್ದರೆ ಒಳ್ಳೆಯದು’ ಎಂಬ ಲೆಕ್ಕ ಇಲ್ಲಿ ತಲೆಕೆಳಗು.

ಹೊಸ ಮಾಸ್ಟರ್ ಸಿಲಿಂಡರ್ ಕೂರಿಸಿದ ಮೇಲೆ ನಾಲ್ಕೂ ಚಕ್ರ ನಿಧಾನವಾಗಿ ಬಿಗಿಯಾಗುತ್ತಾ ಹೋಗುವುದುಂಟು. ಪಿಸ್ಟನ್ನನ್ನು ತಳ್ಳುವ ಪುಷ್‌ರಾಡಿಗೆ ಆಟವೇ (ಸಣ್ಣ ಸಡಿಲವೇ) ಇಲ್ಲದಂತೆ ಕೂರಿಸಿದಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ದ್ರವ ಡಬ್ಬಿಗೆ ಮರಳುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಕಾದ ದ್ರವ ಹಿಗ್ಗಿದರೂ ಹೋಗಲು ದಾರಿಯಿಲ್ಲ. ಸಿಲಿಂಡರಿನ ಎರಡು ನಟ್ಟುಗಳನ್ನು ಸ್ವಲ್ಪ ಸಡಿಲಿಸಿ ಮುಂದಕ್ಕೆ ಜರುಗಿಸಿದಾಗ ಚಕ್ರಗಳು ಬಿಟ್ಟುಕೊಂಡರೆ ಕಾರಣ ಇದೇ. ರಾಡನ್ನು ಕೈಪಿಡಿಯ ಅಳತೆಗೆ ಮೋಟು ಮಾಡಬೇಕು.

ಹೊಸ ಮಾಸ್ಟರ್ ಸಿಲಿಂಡರ್ ಪೂರ್ತಿ ಒತ್ತಡ ಕೊಡಲು ಶುರುಮಾಡಿದ ಮೇಲೆ, ಅದುವರೆಗೆ ಸುಮ್ಮನಿದ್ದ ಹಳೆಯ ವೀಲ್ ಸಿಲಿಂಡರ್ (ಡ್ರಮ್ಮಿನೊಳಗೆ ಶೂಗಳನ್ನು ತಳ್ಳುವ ಭಾಗ) ಸೋರಬಹುದು. ಅದಕ್ಕೇ ಬಿಡಿಬಿಡಿಯಾಗಿ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ; ರಬ್ಬರಿಗೆ ಸಂಬಂಧಿಸಿದ್ದೆಲ್ಲ ಒಟ್ಟಿಗೇ ಆಗಬೇಕು. ಡ್ರಮ್ ತೆಗೆದಾಗ ವೀಲ್ ಸಿಲಿಂಡರಿನ ಧೂಳು ತಡೆಯುವ ರಬ್ಬರನ್ನು ಮೆಲ್ಲಗೆ ಎತ್ತಿ ನೋಡಿ. ಒಳಗೆ ಒದ್ದೆ ಇದ್ದರೆ ಬದಲಿಸುವುದೇ ಸರಿ. ಶೂ ಮೇಲೆ ಅಂಟಿರುವ, ದ್ರವ ಕುಡಿದ ಲೈನರನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಎರಡೂ ಬದಿಯ ಶೂ ಹೊಸದು ಹಾಕಬೇಕು. ಒಂದೇ ಬದಿಗೆ ಹಾಕಿದರೆ ಕಾರು ಎಳೆಯುತ್ತದೆ. ಒಮ್ಮೆಗೆ ಒಂದು ಬದಿ ಮಾತ್ರ ಬಿಚ್ಚಿ. ಸ್ಪ್ರಿಂಗ್ ಯಾವ ತೂತಿನಲ್ಲಿತ್ತು ಎಂಬ ಗೊಂದಲಕ್ಕೆ ಇನ್ನೊಂದು ಬದಿಯೇ ಉತ್ತರ. ಅಡ್ಜಸ್ಟರುಗಳ ಮರೆ (ಸ್ಕ್ರೂವಿನ ಸುರುಳಿ ಗೆರೆ) ಎಡಕ್ಕೂ ಬಲಕ್ಕೂ ಬೇರೆಯಾಗಿರುವ ಕಾರುಗಳಲ್ಲಿ ಅವನ್ನು ಅದಲುಬದಲು ಮಾಡಿದರೆ ಬಿಗಿಯಾಗುವ ಬದಲು ಸಡಿಲವಾಗುತ್ತಾ ಹೋಗುತ್ತವೆ. ಡ್ರಮ್ಮಿನ ಗರಿಷ್ಠ ವ್ಯಾಸ, ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅವುಗಳ ಮೇಲೆಯೇ ಅಚ್ಚಾಗಿರುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲನ್ನು ಮುಟ್ಟುವುದು ಶೂ ಸರಿಹೊಂದಿಸಿದ ನಂತರವೇ. ಅಂದಹಾಗೆ, ಹಳೆಯ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಆ ಧೂಳನ್ನು ಏರ್‌ನಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಕಬ್ಬಿಣದ ಪೈಪು ತುಕ್ಕು ಹಿಡಿಯುವುದು ಕ್ಲಿಪ್ಪುಗಳ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ. ತುಂಡು ಕತ್ತರಿಸಿ ನೀರಿನ ಪೈಪಿನ ಜಾಯಿಂಟ್ ಹಾಕುವುದು ಅಪಾಯ. ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪ್, ಸಾಮಾನ್ಯವಾಗಿ 4.75 ಮಿ.ಮೀ., ಮೂಲದಲ್ಲಿ ಇದ್ದ ಆಕಾರದ ಫ್ಲೇರ್ (ಪೈಪಿನ ಅಗಲಿಸಿದ ತುದಿ) ಹೊಡೆಸಿ ಪೂರ್ತಿ ಉದ್ದ ಬದಲಿಸಬೇಕು. ಮರೆಗೆ ಟೇಪ್ ಸುತ್ತುವುದು ವ್ಯರ್ಥ, ಸೋರಿಕೆ ತಡೆಯುವುದು ಫ್ಲೇರ್.

ಏರ್ (ಒಳಗೆ ಸೇರಿದ ಗಾಳಿ) ತೆಗೆಯುವಾಗ ಹಳೆಯ ಮಾಸ್ಟರ್ ಸಿಲಿಂಡರ್ ಉಳಿಸಿಕೊಂಡಿದ್ದರೆ ಪೆಡಲನ್ನು ನೆಲದವರೆಗೆ ಒತ್ತಬೇಡಿ, ಅಡಿಯಲ್ಲಿ ಒಂದು ಮರದ ತುಂಡು ಇಡಿ. ದಿನನಿತ್ಯ ವಾಷರ್ ತಲುಪದ ಭಾಗದಲ್ಲಿ ತುಕ್ಕು ಕಟ್ಟಿರುತ್ತದೆ. ಅದರ ಮೇಲೆ ಹಾಯ್ದರೆ ಅಲ್ಲಿಯವರೆಗೆ ಸರಿಯಿದ್ದ ವಾಷರ್ ಅಂದೇ ಸೀಳುತ್ತದೆ. ಕೈಪಿಡಿ ಬೇರೆ ಹೇಳದಿದ್ದರೆ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು. ಒಬ್ಬರು ನಿಧಾನ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಸ್ಕ್ರೂ ಬಿಚ್ಚಿ, ಪೆಡಲ್ ಬಿಡುವ ಮೊದಲೇ ಮುಚ್ಚಬೇಕು. ಡಬ್ಬಿ ಬರಿದಾದರೆ ಎಲ್ಲವೂ ಮೊದಲಿನಿಂದ. ಎಷ್ಟು ಮಾಡಿದರೂ ಪೆಡಲ್ ಮೆತ್ತಗೇ ಇದ್ದರೆ ಕ್ಯಾಲಿಪರುಗಳು ಎಡಬಲ ಅದಲುಬದಲಾಗಿವೆಯೇ ನೋಡಿ. ಬ್ಲೀಡರ್ ಸ್ಕ್ರೂ ಮೇಲ್ತುದಿಯಲ್ಲಿ ಇಲ್ಲದಿದ್ದರೆ ಗಾಳಿ ಹೊರಬರುವುದಿಲ್ಲ. ಬಣ್ಣದ ಮೇಲೆ ದ್ರವ ಬಿದ್ದರೆ ತಕ್ಷಣ ನೀರು ಸುರಿಯಿರಿ.

ಇಷ್ಟೆಲ್ಲ ಕೆಲಸ ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಅಡಿಯಲ್ಲಿ ಆಗಬಾರದು, ಸ್ಟ್ಯಾಂಡ್ ಇಡಲೇಬೇಕು. ಮುಗಿದ ಮೇಲೆ ಎಂಜಿನ್ ಓಡಿಸಿ, ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದು, ಪ್ರತಿ ಜಾಯಿಂಟಿಗೂ ಒಣ ಕಾಗದ ತಾಗಿಸಿ ನೋಡಿ. ನಂತರ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಮೊದಲ ಪರೀಕ್ಷೆ. ವಾರದ ನಂತರ ನಾಲ್ಕೂ ಟಯರುಗಳ ಒಳಬದಿ ಮತ್ತು ಡಬ್ಬಿಯ ಗುರುತನ್ನು ಮತ್ತೊಮ್ಮೆ ನೋಡಬೇಕು.

ಇಂತಿ,
ಹಳೆಯ ಕಾರುಗಳ ರಿಪೇರಿ ಬಲ್ಲ ಓದುಗ